ಉಡಿಯ ಅಕ್ಕಿ ಮತ್ತು ಅರ್ಧ ವರ್ಷ

ನನ್ನ ಹೆಂಡತಿ ಪರದೇಶದವಳು. ಮದುವೆಯಾದ ಮೇಲೂ ಅಲ್ಲಿಯ ಕಂಪನಿಯ ನೌಕರಿ ಬಿಡಲಿಲ್ಲ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಕುಳಿತೇ ಮಾಡುತ್ತಾಳೆ. ಕುಳಿತು ಎಂದರೆ ಮಗ್ಗದ ಕುಣಿಯಲ್ಲಿ. ಅವ್ವ ನೇಯುವುದು ಬಿಟ್ಟ ಮೇಲೆ ಮಗ್ಗ ಬಿಚ್ಚಿ ಅಟ್ಟ ಸೇರಿತ್ತು, ನೆಲದಲ್ಲಿ ಕುಣಿ ಮಾತ್ರ ಉಳಿದಿತ್ತು. ಮುಚ್ಚಿಸೋಣ ಎಂದು ನಾನು ಅನ್ನುತ್ತಲೇ ಇದ್ದೆ. ಇವಳು ಬಂದವಳೇ ಅದರ ಅಂಚಿಗೆ ಕುಳಿತು, ಅವ್ವನ ಹಾಗೆ ಕಾಲು ಇಳಿಬಿಟ್ಟು, ಎದುರಿಗೆ ಹಲಗೆ ಹಾಕಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡಳು.

"ಬ್ಯಾಸಗ್ಯಾಗ ಕಾಲು ತಂಪ ಇರ್ತಾವ," ಅಂದಳು. ಅವಳ ಕನ್ನಡವೆಲ್ಲ ಅವ್ವನಿಂದ ಬಂದದ್ದು.

ಮೊದಲ ಮೂರು ವರ್ಷ ಅವಳು ಮಾರ್ಚ್ ಕೊನೆಗೆ ಬಂದು ಸೆಪ್ಟೆಂಬರ್ ಮುಗಿಯುವ ಮೊದಲೇ ತಿರುಗಿ ಹೋದಳು. ಕಾರಣ ತೆರಿಗೆ. ಸರಕಾರದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಅದರಲ್ಲಿ ಅರ್ಧ ವರ್ಷ ದಾಟದಿದ್ದರೆ ಅವಳು ಬಂದು ಹೋಗುವವಳು, ಸಂಬಳದ ತೆರಿಗೆ ಅವಳ ದೇಶಕ್ಕೆ. ದಾಟಿದರೆ ಇಲ್ಲಿಯ ನಿವಾಸಿ, ತೆರಿಗೆ ಇಲ್ಲಿಗೆ. ಹಾಗಾದರೆ ಕಾಯಂ ನೌಕರಿ ಉಳಿಯುವುದಿಲ್ಲ, ಪಿಂಚಣಿ, ಆಸ್ಪತ್ರೆಯ ವಿಮೆ ಎರಡೂ ನಿಲ್ಲುತ್ತವೆ, ಬೇಕಿದ್ದರೆ ಕರಾರಿನ ಮೇಲೆ ಕೆಲಸ ಮಾಡಬಹುದು ಎಂದು ಕಂಪನಿಯವರು ಹೇಳಿದ್ದರು. ಓದು ಮುಗಿದಾಗಿನಿಂದ ಮಾಡಿಕೊಂಡು ಬಂದ ನೌಕರಿ ಅದು. ಹೀಗಾಗಿ ನಮ್ಮದು ಪಂಚಮಿಯ ಉಂಡಿ ತಿಂದು ದೀಪಾವಳಿ ಬಿಡುವ ಸಂಸಾರ.

ನಾಲ್ಕನೆಯ ವರ್ಷ ಪಂಚಮಿ ಮುಗಿದ ಮೇಲೆ ಅವಳೇ ಮಾತು ತೆಗೆದಳು. "ಟಿಕೀಟೇನೋ ಆಗೇತಿ. ಆದ್ರೂ ಈ ಸಲ ಉಳಿದ್ರ ಏನೇನ್ ಆಗ್ತೈತಿ, ಕೇಳಿಕೊಂಡರ ಬರೋಣು."

ನಾನು ಪಾಠ ಮಾಡುವ ಕಾಲೇಜು ರೋಣದಲ್ಲಿ. ಅಲ್ಲೇ ಬಸ್ ನಿಲ್ದಾಣದ ಹತ್ತಿರ ನನಗೆ ಗೊತ್ತಿರುವ ತೆರಿಗೆ ಸಲಹೆಗಾರರು ಒಬ್ಬರಿದ್ದಾರೆ. ಕಣ್ಣಿನ ದವಾಖಾನೆಗೆ ಹೋಗುವುದಿದ್ದ ಅವ್ವನೂ ಜೊತೆಗೆ ಹೊರಟಳು.

"ಕಂಪನಿ ಅಲ್ಲಿಂದು, ಬ್ಯಾಂಕು ಅಲ್ಲಿಂದು. ಇಲ್ಲಿ ಯಾಕ ಕಟ್ಟಬೇಕ್ರಿ?" ಎಂದು, ಅವಳ ಕೆಲಸದ ವಿವರವೆಲ್ಲ ಹೇಳಿದ ಮೇಲೆ, ನಾನು ಸಲಹೆಗಾರರೊಂದಿಗೆ ವಾದಕ್ಕೆ ಇಳಿದೆ.

"ಸರ, ರೋಣದಾಗ ಬೆಳದ ಜ್ವಾಳ ನರೇಗಲ್ ಸಂತ್ಯಾಗ ಮಾರಿದ್ರ ಬೆಳಿ ಯಾವ ಊರಿಂದ್ರಿ? ಅಕ್ಕಾರು ದುಡಿಯೂದು ನಿಮ್ಮ ಮಗ್ಗದ ಕುಣ್ಯಾಗ. ಬೆಳಿ ಗಜೇಂದ್ರಗಡದ್ದು."

"ಎರಡೂ ದೇಶದವ್ರು ನಮ್ಮಾಕಿ ಅಂತ ಜಗ್ಗಿದ್ರ?" ಎಂದು ಅವಳು ಕೇಳಿದಳು.

"ಒಪ್ಪಂದ ಐತ್ರಿ. ಮೊದಲ ಕಾಯಂ ಮನಿ ಎಲ್ಲೈತಿ ನೋಡ್ತಾರ. ಎರಡೂ ಕಡೆ ಇದ್ರ, ಸಂಸಾರ, ಸಂಬಂಧ ಎಲ್ಲಿ ಹೆಚ್ಚು ಅಂತ ನೋಡ್ತಾರ. ಒಂದ ಪಗಾರಕ್ಕ ಎರಡೂ ಕಡೆ ಪೂರಾ ಕಟ್ಟೂದು ಬರಂಗಿಲ್ಲ." ಅವರು ಪೆನ್ನು ಹಿಡಿದರು. "ಹ್ವಾದ ವರ್ಷ ಎಷ್ಟ ದಿವ್ಸ ಇದ್ರಿ?"

ಅವ್ವ ನಡುವೆ ಬಾಯಿ ಹಾಕಿದಳು. "ಏನ್ ಕೇಳ್ತೀರಿ, ವರ್ಷಪೂರಾ ಇದ್ಲು. ದೀಪಾವಳಿಗಿ ಗೂಡಿನ್ಯಾಗ ದೀಪಾ ಇಟ್ಟಾಕಿ ಇಕೀನ."

"ಹಂಗಾರ ಹ್ವಾದ ವರ್ಷದ್ದೂ ಇಲ್ಲೇ ಕಟ್ಟಬೇಕಿತ್ತಲ್ರಿ," ಎಂದು ಅವರು ನನ್ನ ಕಡೆ ನೋಡಿದರು.

ಇಲ್ಲ ಎನ್ನಬೇಕಿತ್ತು. ಆದರೆ ನನಗೂ ಅದು ಕಾಣುತ್ತಿತ್ತು: ಹಸಿರು ಸೀರೆ, ಗಾಳಿಗೆ ಅಡ್ಡ ಹಿಡಿದ ಅಂಗೈ, ಗೋಡೆಯ ಗೂಡಿನಲ್ಲಿ ಪಣತಿ. ಅವಳು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. ಮೂರೂ ವರ್ಷ ಸೆಪ್ಟೆಂಬರ್‌ನಲ್ಲೇ ದೇಶ ಬಿಟ್ಟದ್ದಕ್ಕೆ ಅಲ್ಲಿ ಮುದ್ರೆ ಇತ್ತು.

"ಅತ್ತಿ, ನಾ ಒಂದೂ ದೀಪಾವಳಿ ಇಲ್ಲಿ ನೋಡಿಲ್ರಿ."

ಅವ್ವ ಸೋಲಲಿಲ್ಲ. "ಉಡಿ ತುಂಬಿ ಕಳಿಸಿದಾಕಿ ಮನಿ ಬಿಟ್ಟಂಗ ಆಗ್ತೈತೇನು?"

"ಯವ್ವಾ, ಸರಕಾರದವ್ರು ಉಡಿ ನೋಡಂಗಿಲ್ಲ, ಸಿಕ್ಕಾ ನೋಡ್ತಾರ," ಎಂದು ಅವರು ಪಾಸ್‌ಪೋರ್ಟಿನ ಮುದ್ರೆಯ ಮೇಲೆ ಬೆರಳಿಟ್ಟರು.

ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಲು ಆಧಾರವಿದೆ ಎಂದು ನಾನು ಇತಿಹಾಸದ ತರಗತಿಯಲ್ಲಿ ಹೇಳುತ್ತ ಬಂದವನು. ತಿರುಗಿ ಬರುವಾಗ ಬಸ್ಸಿನಲ್ಲಿ ಕುಳಿತು, ಆ ಹಸಿರು ಸೀರೆಯವಳು ಯಾರಿರಬಹುದು ಎಂದು ಯೋಚಿಸಿದೆ. ವಯಸ್ಸಿನಲ್ಲಿದ್ದಾಗಿನ ಅವ್ವನೇ? ಯಾರೂ ಅಲ್ಲವೇ? ಪಕ್ಕದಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಉಳಿ ಎಂದು ನಾನು ಹೇಳಲಿಲ್ಲ. ಕಳೆದುಕೊಳ್ಳುವುದು ಅವಳದು, ಹೇಳುವ ಮಾತು ನನ್ನದಾಗಬಾರದು ಅನ್ನಿಸಿತ್ತು.

ಹೊರಡುವ ದಿನ ಬಂತು. ಹುಬ್ಬಳ್ಳಿಗೆ ಹೋಗುವ ಕಾರು ಬಾಗಿಲಿಗೆ ನಿಂತಿತ್ತು. ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಸೆರಗಿಗೆ ಕುಪ್ಪಸದ ಖಣ, ತೆಂಗಿನಕಾಯಿ ಹಾಕಿ ಅಕ್ಕಿ ಸುರಿದಳು. ಹೋಗುವವಳು ಉಡಿಯಿಂದ ಒಂದು ಚಿಟಿಕೆ ಅಕ್ಕಿ ತಿರುಗಿ ತಾಟಿಗೆ ಹಾಕಬೇಕು, ಮನೆಯ ಪಾಲು ಮನೆಯಲ್ಲಿ ಉಳಿಯಲಿ ಎಂದು. ಹಿಂದಿನ ಸಲಗಳಲ್ಲಿ ಅವಳು ಚಿಟಿಕೆಯನ್ನೇ ಹಾಕಿದ್ದಳು, ನನಗೆ ನೆನಪಿರುವ ಮಟ್ಟಿಗೆ. ಈ ಸಲ ಕಾಯಿ, ಖಣ ಪಕ್ಕಕ್ಕಿಟ್ಟು ಸೆರಗನ್ನೇ ತಾಟಿನ ಮೇಲೆ ಬೋರಲು ಮಾಡಿದಳು. ಅಕ್ಕಿಯೆಲ್ಲ ಸರ್ರನೆ ಇಳಿಯಿತು.

"ಚಿಟಿಕಿ ಹಾಕವ್ವಾ ಅಂದ್ರ ಎಲ್ಲಾ ಸುರುವಿದೆಲ್ಲ. ಖಾಲಿ ಉಡೀಲೆ ಹೊಸ್ತಿಲಾ ದಾಟಬಾರದು."

"ದಾಟಬಾರದ್ರಿ?"

"ದಾಟಬಾರದು."

"ಹಂಗಾರ ದಾಟೂದಿಲ್ಲ ಬಿಡ್ರಿ."

ಅವ್ವ ತಾಟಿನ ಅಕ್ಕಿಯನ್ನು ಅಂಗೈಯಿಂದ ಸುಮ್ಮನೆ ಸಮ ಮಾಡುತ್ತ ಕುಳಿತಳು. ನಾನು ಹೊರಗೆ ಹೋಗಿ ಕಾರು ತಿರುಗಿ ಕಳಿಸಿದೆ.

ದಾಟೂದಿಲ್ಲ ಎಂಬ ಮಾತು ಆಡಿದ್ದೆಯಾ ಎಂದು ಆಮೇಲೆ ಹೆಂಡತಿಯನ್ನು ಕೇಳಿದ್ದೇನೆ. ಸೆರಗು ಜಾರಿತು, ಅಷ್ಟೇ, ಅನ್ನುತ್ತಾಳೆ. ಆಡಿದಳು ಎಂದು ಅವ್ವ ಆಣೆ ಮಾಡುತ್ತಾಳೆ. ಆದರೆ ಅವ್ವನ ಸಾಕ್ಷಿ ಎಂಥದು ಎಂದು ಗೊತ್ತಿದೆಯಲ್ಲ.

ಕಾಯಂ ನೌಕರಿ ಹೋಯಿತು. ಕರಾರಿನ ಸುದ್ದಿ ಬಂದ ದಿನ ಅವಳು ಲ್ಯಾಪ್‌ಟಾಪ್ ಮುಚ್ಚಿ ಕುಣಿಯಲ್ಲಿ ಕಾಲಿಟ್ಟು ಕುಳಿತಿದ್ದಳು. ಅವ್ವ ಚಹಾ ತಂದು ಹಲಗೆಯ ಮೇಲಿಟ್ಟು, ಎದುರು ಅಂಚಿಗೆ ತಾನೂ ಕಾಲು ಇಳಿಬಿಟ್ಟು ಕುಳಿತಳು.

ದೀಪಾವಳಿಗೆ ಅವಳು ಗೂಡಿನಲ್ಲಿ ಪಣತಿ ಇಟ್ಟಳು. ಸೀರೆ ಹಸಿರಾಗಿರಲಿಲ್ಲ, ನೇರಳೆ ಬಣ್ಣದ್ದು. ಗಾಳಿಗೆ ದೀಪ ಆರಿತು. ಮತ್ತೆ ಹಚ್ಚಿ, ಅಂಗೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿದಳು.

"ಚಲೋತ್ನಾಗಿ ನೋಡ್ಕೋರಿ. ಆಮ್ಯಾಲೆ ನಾ ಇದ್ನೋ ಇಲ್ಲೋ ಅಂತ ಪಾಸ್‌ಪೋರ್ಟ್ ಕೇಳಬ್ಯಾಡ್ರಿ."