ಪಕ್ಕದ ಮನೆಯ ಮಾಡು ಮೊದಲು

ಚಂಡಮಾರುತ ನಮ್ಮ ಕಡಲಬದಿಯ ಓಣಿಯ ಮನೆಗಳ ಮಾಡಿನ ಹಂಚುಗಳನ್ನೆಲ್ಲ ಹಾರಿಸಿದ ವಾರವೇ ತೊಕ್ಕೊಟ್ಟಿನಿಂದ ಜಾಗದ ದಲ್ಲಾಳಿಯೊಬ್ಬ ಬಂದ. ಒಡೆಯದ ಹಂಚು ಆರಿಸುತ್ತಿದ್ದ ಪಕ್ಕದ ಮನೆಯ ಅಕ್ಕನಿಗೆ, "ಇಲ್ಲಿ ಇನ್ನೆಂತ ಉಂಟು ಅಕ್ಕ? ಕೊಟ್ಟುಬಿಡಿ, ವಾಮಂಜೂರಲ್ಲಿ ಒಳ್ಳೆ ಮನೆ ತೆಗೆಸಿಕೊಡ್ತೇನೆ" ಎಂದ. ಅಕ್ಕ ಕೈಯಲ್ಲಿದ್ದ ಹಂಚನ್ನು ಕೆಳಗಿಟ್ಟು, "ನಾಳೆ ಹೇಳ್ತೇನೆ" ಎಂದರು.

ನನಗೆ ಹೆದರಿಕೆಯಾಯಿತು. ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಒಬ್ಬರು ಮಾರಿದರೆ ಉಳಿದವರ ಜಾಗಕ್ಕೂ ಅವನೇ ಬೆಲೆ ಕಟ್ಟುತ್ತಾನೆ, ಓಣಿಯೇ ಕೈತಪ್ಪುತ್ತದೆ. ನನ್ನ ಮನೆಗೆಂದು ಜೋಡಿಸಿಟ್ಟ ಹಂಚನ್ನೆಲ್ಲ ಅಕ್ಕನ ಅಂಗಳಕ್ಕೆ ಸಾಗಿಸಿದೆ. ನೀವೂ ನೆನಪಿಡಿ: ಮನಸ್ಸು ಅಲುಗಿದವರ ಮಾಡನ್ನು ಮೊದಲು ಹೊದಿಸಬೇಕು.

ಮರುದಿನ ದಲ್ಲಾಳಿ ಉತ್ತರ ಕೇಳಲು ಬಂದಾಗ ಅಕ್ಕ ಏಣಿಯ ಮೇಲಿಂದಲೇ ನನ್ನತ್ತ ಕೈ ತೋರಿಸಿ ಕೂಗಿದರು: "ಜಾಗ ಕೊಡ್ಲಿಕ್ಕಿಲ್ಲ ಮಾರಾಯ್ರೆ! ಪುರುಸೊತ್ತಿದ್ದರೆ ಸ್ವಲ್ಪ ಏಣಿ ಹಿಡೀರಿ, ಇವರ ಮನೆಯದ್ದು ಇನ್ನೂ ಬಾಕಿ ಉಂಟು."