ಸಾವಕ್ಕನಿಗೆ ನಿಲ್ಲದ ಬಸ್ಸು

ಇವತ್ತು ಮುಂಜಾನೆ ಧುಪದಾಳದ ಹತ್ತಿರ ಬಸ್ಸೊಂದು ಸಾಲಿ ಹುಡುಗಿಯರ ಮುಖಕ್ಕೆ ಡೀಸೆಲ್ ಹೊಗೆ ಉಗುಳಿ, ನಿಲ್ಲದೆ ಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಾವಕ್ಕ ನೆನಪಾದಳು.

ನಾವಿಬ್ಬರೂ ನಮ್ಮೂರಿನಿಂದ ಗೋಕಾಕದ ಹೈಸ್ಕೂಲಿಗೆ ಹೋಗುತ್ತಿದ್ದೆವು. ಖೋ-ಖೋ ಆಡುವಾಗ ಸಾವಕ್ಕನನ್ನು ಮುಟ್ಟುವವರೇ ಇರಲಿಲ್ಲ. ಅವಳನ್ನು ತಾಲೂಕು ತಂಡಕ್ಕೆ ಆರಿಸಿದ ದಿನ, ಆಟ ಮುಗಿಸಿ ಬಂದು ಸಂಜೆಯ ಕೊನೆಯ ಬಸ್ಸಿಗೆ ಕೈ ಮಾಡಿದೆವು. ಕಂಡಕ್ಟರ್ ನಮ್ಮ ಕೈಯಲ್ಲಿದ್ದ ಪಾಸು ನೋಡಿದ, ಡಬಲ್ ಬೆಲ್ ಹೊಡೆದ. ಬಸ್ಸಿನಲ್ಲಿ ಅರ್ಧದಷ್ಟು ಸೀಟುಗಳು ಖಾಲಿಯಿದ್ದವು. ಬೆನ್ನಟ್ಟಿ ಓಡಿದರೂ ಸಿಗಲಿಲ್ಲ. ನಡೆದು ಊರು ಮುಟ್ಟುವಾಗ ಕತ್ತಲಾಗಿತ್ತು.

ಸಾವಕ್ಕನ ಅಪ್ಪ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಸಿಟ್ಟು ಬಂದರೆ ಅವನು ಮಗಳ ಮುಖ ನೋಡುತ್ತಿರಲಿಲ್ಲ. ಬಸ್ಸು ನಿಲ್ಲಲಿಲ್ಲ ಅಂತ ಅವಳು ಹೇಳಿದರೂ ನನ್ನನ್ನೇ ಕೇಳಿದ.

"ಬಸ್ ಖರೇನ ನಿಲ್ಲಸಲಿಲ್ಲೇನ?"

"ಇಲ್ರಿ ಕಾಕಾ. ಇಕೀನ್ನ ತಾಲೂಕಾ ಟೀಮಿಗೆ ಆರಿಸ್ಯಾರ್ರಿ."

"ಆತು ಬಿಡು. ನಾಳಿಂದ ಸಾಲಿ ಸಾಕು."

ಒಂಬತ್ತನೇ ಇಯತ್ತೆಗೇ ಸಾವಕ್ಕನ ಓದು ಮುಗಿಯಿತು. ನಾನು ಅಣ್ಣನ ಸೈಕಲ್ಲಿನ ಹಿಂದೆ ಕೂತು ಸಾಲಿ ಮುಗಿಸಿದೆ. ಆ ಕಂಡಕ್ಟರ್ ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿರಬೇಕು. ಕಾಕಾನ ಮೇಲೂ ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಬಸ್ಸಿನವರನ್ನು ಕೇಳಬೇಕಾದವನು ಮಗಳನ್ನು ಮನೆಯಲ್ಲಿ ಕೂಡಿಸಿದ.

ಇವತ್ತು ಸ್ಕೂಟಿ ನಿಲ್ಲಿಸಿ ಆ ಹುಡುಗಿಯರನ್ನು ಕೇಳಿದೆ, "ದಿನಾ ಹಿಂಗ ಏನವಾ?"

ಒಬ್ಬಳು ಮುಖ ಒರೆಸಿಕೊಳ್ಳುತ್ತ ಸಣ್ಣ ದನಿಯಲ್ಲಿ ಅಂದಳು, "ಹೂಂರಿ ಆಂಟಿ. ನಮ್ಮ ಮನ್ಯಾಗ ಹೇಳಬ್ಯಾಡ್ರಿ, ಸಾಲಿ ಬಿಡಸ್ತಾರ."