ವೇಬ್ರಿಡ್ಜ್ ಮೇಲೆ ಹಿಂದಕ್ಕೆ ನಡೆದ ಕುದುರೆ

ಯಶವಂತನಗರದ ಹತ್ತಿರ ರಸ್ತೆ ಪಕ್ಕದಲ್ಲಿ ನಮ್ಮಣ್ಣ ಅದಿರಿನ ಲಾರಿಗಳನ್ನು ತೂಗುವ ಹೊಸ ವೇಬ್ರಿಡ್ಜ್ ಹಾಕಿಸಿದ್ದ. ಮೊದಲು ಲಾರಿ ಡ್ರೈವರ್ ಆಗಿದ್ದವನು, ಆಮೇಲೆ ಲಾರಿಗಳ ಮಾಲೀಕನಾದ, ಈಗ ಉಳಿದವರ ಲಾರಿ ತೂಗಲು ಹೊರಟಿದ್ದ. ನಮ್ಮ ಸಂಡೂರಿನಲ್ಲಿ ಆಗ ಅದಿರಿನ ದುಡ್ಡಿನಿಂದ ಎಲ್ಲರ ಮನೆ ಮುಂದೆಯೂ ಕಾರು. ಉದ್ಘಾಟನೆಗೆ ಕಾರಿನಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ, ಕುದುರೆ ಮೇಲೆ ಹೋಗುತ್ತೇನೆ ಎಂದ.

ಕುದುರೆಯನ್ನು ಕಂಪ್ಲಿಯಿಂದ ಕೊಂಡು ತರಿಸಿದ. ಬಿಳಿ ಹೆಣ್ಣು ಕುದುರೆ. ಆಟೋಗಳು ಹೆಚ್ಚಾಗಿ ಜಟಕಾ ನಿಲ್ಲಿಸಿದ್ದ ಮುದುಕರೊಬ್ಬರದು. ಮದುವೆ ಮೆರವಣಿಗೆಯಲ್ಲಿ ಮದುಮಕ್ಕಳನ್ನು ಹೊತ್ತೂ ಅದಕ್ಕೆ ರೂಢಿಯಿತ್ತು. ಅವರು ಅದರ ಹಳೆಯ ಕಡಿವಾಣವನ್ನೂ ಕೊಟ್ಟರು. ನಡುವೆ ಕೊಂಡಿ ಹಾಕಿ ಕೂಡಿಸಿದ ಎರಡು ತುಂಡು ಕಬ್ಬಿಣ, ಎರಡೂ ತುದಿಗೆ ಒಂದೊಂದು ಬಳೆ, ಅಷ್ಟೇ. ಅಣ್ಣ ಅದನ್ನು ಕಾರಿನ ಡಿಕ್ಕಿಗೆ ಎಸೆದು, ಹೊಸಪೇಟೆಯಿಂದ ಪಳಪಳ ಹೊಳೆಯುವ ಇನ್ನೊಂದನ್ನು ತಂದ. ಅದಕ್ಕೆ ಎರಡೂ ಕಡೆ ಕೆಳಗೆ ಇಳಿಯುವ ಉದ್ದನೆಯ ಸರಳು, ಗದ್ದದ ಕೆಳಗೆ ಬಿಗಿಯಲು ಸರಪಳಿ.

ನಮ್ಮವ್ವನ ಅಪ್ಪ ಹೊಸಪೇಟೆ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದವರು. ಅವ್ವ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇದು ಬ್ಯಾಡ ಮಗನ. ಲಗಾಮು ಕಟ್ಟೋದು ಈ ಉದ್ದನ ಸರಳಿನ ತುದಿಗೆ. ನೀ ಚೂರ ಜಗ್ಗಿದರ ಅದರ ಬಾಯಾಗ ಭಾಳ ಒತ್ತತೈತಿ, ಜಾಕ್ ಹಚ್ಚಿದಂಗ."

"ಛಲೋ ಆತಲ್ಲವ್ವಾ, ಜಲ್ದಿ ನಿಲ್ತೈತಿ," ಅಂದ ಅಣ್ಣ.

ಉದ್ಘಾಟನೆಯ ದಿನ ಬಿಳಿ ಬಟ್ಟೆ ತೊಟ್ಟು ಕುದುರೆ ಏರಿದ. ಮುಂದೆ ಬ್ಯಾಂಡಿನವರು. ರಸ್ತೆಯಲ್ಲೇ ವೇಬ್ರಿಡ್ಜ್ ದಾಟಿ ಸ್ವಲ್ಪ ದೂರ ಹೋಗಿ, ತಿರುಗಿ ಬಂದು ಅದಕ್ಕೆ ಅಡ್ಡ ಕಟ್ಟಿದ್ದ ರಿಬ್ಬನ್ ಕತ್ತರಿಸುವುದು ಎಂದಾಗಿತ್ತು. ದಾಟಿದ್ದೂ ಆಯಿತು. ಅಷ್ಟರಲ್ಲಿ ಎದುರಿಗೆ ಬಂದ ಲಾರಿ ಹಾರ್ನ್ ಹೊಡೆಯಿತು. ಅಣ್ಣ ಗಾಬರಿಯಾಗಿ ಲಗಾಮು ಜಗ್ಗಿದ. ಸರಳು ಹಿಂದಕ್ಕೆ ವಾಲಿತು, ಸರಪಳಿ ಗದ್ದಕ್ಕೆ ಕಚ್ಚಿತು. ನೋವು ತಾಳದೆ ಕುದುರೆ ಹಿಂದಕ್ಕೆ ಹೆಜ್ಜೆ ಇಟ್ಟಿತು. ಅದನ್ನು ನಿಲ್ಲಿಸಲು ಅಣ್ಣ ಇನ್ನೂ ಜೋರಾಗಿ ಜಗ್ಗಿದ. ಅದು ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು.

ಬ್ಯಾಂಡಿನವರು ತಿರುಗಿ ನೋಡಿದರು. ಮೆರವಣಿಗೆ ಹೀಗೇ ಹೋಗಬೇಕೇನೋ ಅಂದುಕೊಂಡು, ಒಂದು ತಾಳವನ್ನೂ ತಪ್ಪಿಸದೆ ಬಾರಿಸುತ್ತ ಕುದುರೆಯ ಮುಖಕ್ಕೆ ಮುಖ ಮಾಡಿ ಅದರ ಹಿಂದೆಯೇ ಬಂದರು. ಅತಿಥಿಗಳು ಎದ್ದು ಕುರ್ಚಿ ಸರಿಸಿಕೊಂಡು ದಾರಿ ಬಿಟ್ಟು ಕೈ ಮುಗಿದರು. ಅಣ್ಣನ ಎರಡೂ ಕೈ ಲಗಾಮಿನಲ್ಲಿದ್ದುದರಿಂದ ಒಬ್ಬೊಬ್ಬರಿಗೂ ತಲೆಯಾಡಿಸುತ್ತ ಹೋದ. ಕುದುರೆ ಹಿಂಬದಿಯಿಂದಲೇ ರಿಬ್ಬನ್ ಹರಿದುಕೊಂಡು ವೇಬ್ರಿಡ್ಜ್ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ತೂಕದ ಕೋಣೆಯಲ್ಲಿದ್ದ ಆಪರೇಟರ್ ಅಂದೇ ಕೆಲಸಕ್ಕೆ ಸೇರಿದವನು. ಕಿಟಕಿಯಿಂದ ಬಗ್ಗಿ ಕೇಳಿದ:

"ಸಾಹುಕಾರ್ರ, ಖಾಲಿ ಅಂತ ಬರೀಲೇನ್ರಿ, ಲೋಡ್ ಅಂತ ಬರೀಲೇನ್ರಿ?"

"ನಾ ಮ್ಯಾಲ ಕುಂತೀನಲ್ಲಲೇ. ಲೋಡ್ ಅಂತ ಬರಿ," ಅಂದ ಅಣ್ಣ.

"ಒಂದ್ ಕಡೆ ನಿಲ್ಲಸ್ರಿ ಹಂಗಾರ. ನಂಬರ್ ಭಾಳ ಅಲ್ಲಾಡಕತ್ತೈತಿ."

ಅದಿರು ತುಂಬಿದ ಲಾರಿಯೊಂದು ಆಗಲೇ ತೂಕಕ್ಕೆ ಬಂದು ನಿಂತಿತ್ತು. ಅದರ ಡ್ರೈವರ್ ತಲೆ ಹೊರಗೆ ಹಾಕಿ, "ಅಣ್ಣಾರ, ನಿಮ್ದಾದರ ಗಾಡಿ ಮುಂದ ತಗೋರಿ," ಅಂದ.

ಅವ್ವ ಕುರ್ಚಿಯಿಂದ ಎದ್ದು ಬಂದಳು. "ಕೈ ಸಡ್ಲ ಬಿಡು."

"ಬಿಟ್ರ ಓಡ್ತೈತಿ ಅವ್ವಾ."

"ಬಿಡದಿದ್ದರ ಹಿಂಗ ಬಳ್ಳಾರಿ ಮುಟ್ಟತಿ."

ಅಣ್ಣ ಕಣ್ಣು ಮುಚ್ಚಿಕೊಂಡು ಲಗಾಮು ಸಡಿಲಿಸಿದ. ಕುದುರೆ ನಿಂತಿತು. ಉದ್ದಕ್ಕೆ ಉಸಿರು ಬಿಟ್ಟಿತು. ಕೋಣೆಯೊಳಗಿಂದ ಚೀಟಿ ಅಚ್ಚಾಗುವ ಸದ್ದು ಬಂತು.

ಇಳಿದವನೇ ಅಣ್ಣ ಲಗಾಮನ್ನು ಕಂಬಕ್ಕೆ ಕಟ್ಟಲು ಹೋದ. ಅವ್ವ ಅವನ ಕೈ ಹಿಡಿದಳು. ಕಡಿವಾಣ ಬಾಯಲ್ಲಿದ್ದಾಗ ಲಗಾಮಿನಿಂದ ಕಟ್ಟಿದರೆ, ಕುದುರೆ ಬೆದರಿ ತಲೆ ಎಳೆದಾಗ ದವಡೆಯೇ ಮುರಿಯಬಹುದು ಎಂದಳು. ಕಡಿವಾಣ ಬಿಚ್ಚಿ, ಕೊರಳಿನ ಹಗ್ಗದಿಂದ ಕಟ್ಟಿದಳು. ಗದ್ದದ ಚರ್ಮ ಸುಲಿದಿತ್ತು, ತುಟಿಯ ಮೂಲೆ ಒಡೆದಿತ್ತು. ಅದನ್ನು ನೋಡಿ ಅಣ್ಣನ ಮುಖ ಸಣ್ಣದಾಯಿತು. ಊಟಕ್ಕೂ ಕೂರಲಿಲ್ಲ.

ಗಾಯ ಮಾಯುವವರೆಗೆ ಅವ್ವ ಕುದುರೆಯ ಬಾಯಿಗೆ ಯಾವ ಕಡಿವಾಣವನ್ನೂ ಹಾಕಗೊಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಡಿಕ್ಕಿಯಲ್ಲಿದ್ದ ಹಳೆಯ ಕಡಿವಾಣ ತೊಳೆದು, ಚಳಿಯಿದ್ದುದರಿಂದ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದಳು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬರೀ ಒಸಡು ಇರುವ ಜಾಗದಲ್ಲಿ, ನಾಲಗೆಯ ಮೇಲೆ ಅದು ಕೂರಬೇಕು; ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಬಿದ್ದರೆ ಸಾಕು, ಅದಕ್ಕಿಂತ ಬಿಗಿಯಾದರೆ ಕುದುರೆ ನಗುವಂತೆ ಕಾಣುತ್ತದೆ, ಆದರೆ ನಗುತ್ತಿರುವುದಿಲ್ಲ ಎಂದಳು.

"ಹಲ್ಲಿಲ್ಲದ ಮೂಲ್ಯಾಗ ಹೆಬ್ಬಟ್ಟು ಇಡು, ತಾನ ಬಾಯಿ ತೆಗೀತೈತಿ."

ಇಷ್ಟೊಂದು ಲಾರಿಗಳ ಮಾಲೀಕ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಮೊದ್ಲ ನೀ ಇಡು," ಅಂದ.

ನಾನು ಇಟ್ಟೆ. ಒಳಗೆ ಬೆಚ್ಚಗಿತ್ತು.